ಸೆಕೆಂಡ್ ಲೈಫ್‌ನಲ್ಲಿ ಸಂದರ್ಶನ: ಚಾಟಾ, ವಾಯ್ಸಾ?

ಜಯನಗರ ನಾಲ್ಕನೇ ಬ್ಲಾಕ್:
ನಮಸ್ಕಾರ. ಬೆಂಗಳೂರಲ್ಲಿ ಸಮಾಜಶಾಸ್ತ್ರ ಎಂಎ ಮಾಡುತ್ತಿದ್ದೇನೆ. ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ ಲೋಕದ ಒಳಗೆ ಅಂಗಡಿ ಇಟ್ಟು ಅವತಾರಗಳಿಗೆ (ಅಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆಗಳಿಗೆ) ಬಟ್ಟೆ, ಒಡವೆ ಮಾರುವವರನ್ನು ಸಂದರ್ಶನ ಮಾಡಬೇಕು. "ಮುಖ ನೋಡದೆ ಹೇಗಮ್ಮ ನಂಬೋದು, ಎಲ್ಲರನ್ನೂ ಜೂಮ್‌ಗೆ ಕರಿ" ಅಂತ ಗೈಡ್ ಮೇಡಂ ಪಟ್ಟು ಹಿಡಿದಿದ್ದಾರೆ. ಜೂಮ್ ಅಂದ ಕೂಡಲೇ ಅರ್ಧ ಜನ ಮಾಯ. ಅಲ್ಲೇ ಒಳಗೆ ಮಾತಾಡಿಸಿದರೆ ಸಾಲದಾ? ಚಾಟ್ ಒಳ್ಳೆಯದಾ, ವಾಯ್ಸಾ?

ಹಳೇ ಪಿಎಚ್‌ಡಿ:
ನೀವು ಏನು ತಿಳಿಯಲು ಹೊರಟಿದ್ದೀರಿ ಅನ್ನುವುದರ ಮೇಲಿದೆ. ಅಂಗಡಿ ಹೇಗೆ ನಡೆಯುತ್ತದೆ, ಗಿರಾಕಿಗಳ ಜೊತೆ ನಂಟು ಹೇಗೆ ಅಂತಾದರೆ ಹೊರಗಿನ ಮುಖ ಕಟ್ಟಿಕೊಂಡು ಏನಾಗಬೇಕು? ಆ ದುಡ್ಡಿನಲ್ಲಿ ಮನೆ ಬಾಡಿಗೆ ಕಟ್ಟುತ್ತಾರಾ ಅಂತಾದರೆ ಮೇಡಂ ಮಾತಲ್ಲಿ ಅರ್ಥ ಇದೆ. ಮಾನವಶಾಸ್ತ್ರಜ್ಞ ಟಾಮ್ ಬೋಲ್‌ಸ್ಟಾರ್ಫ್ 2004ರಿಂದ 2007ರವರೆಗೆ ತಮ್ಮ ಕ್ಷೇತ್ರಕಾರ್ಯವನ್ನು ಸೆಕೆಂಡ್ ಲೈಫ್ ಒಳಗೇ ಮಾಡಿದರು, ಇದನ್ನು ಮೇಡಂಗೆ ಹೇಳಿ ನೋಡಿ.

ನನ್ನ ಓಟು ಚಾಟ್‌ಗೆ. ತುಂಬಾ ನಿಧಾನ, ಆದರೆ ರೆಕಾರ್ಡಿಂಗ್ ಕೇಳಿ ಕೇಳಿ ಬರೆದುಕೊಳ್ಳುವ ಗೋಳಿಲ್ಲ. ಉತ್ತರ ತಡವಾಯಿತು ಅಂತ ಮುಂದಿನ ಪ್ರಶ್ನೆ ಹಾಕಬೇಡಿ. ಅವತಾರದ ಕೈಗಳು ಗಾಳಿಯಲ್ಲಿ ಕೀಬೋರ್ಡ್ ಕುಟ್ಟುತ್ತಿದ್ದರೆ ಇನ್ನೂ ಟೈಪ್ ಮಾಡುತ್ತಿದ್ದಾರೆ, ತಲೆ ಜೋತುಬಿದ್ದಿದ್ದರೆ ಆಸಾಮಿ ಎದ್ದು ಹೋಗಿದ್ದಾರೆ. ಮತ್ತೆ, ಮಾಮೂಲಿ ಚಾಟ್ 20 ಮೀಟರ್ ಒಳಗಿರುವ ಎಲ್ಲರಿಗೂ ಕಾಣುತ್ತದೆ. ತುಂಬಿದ ಅಂಗಡಿಯಲ್ಲಿ ಲಾಭ ಎಷ್ಟು ಅಂದರೆ ಯಾರು ಬಾಯಿ ಬಿಡುತ್ತಾರೆ? ಖಾಸಗಿ ಮೆಸೇಜ್‌ಗೆ ಹೋಗಿ.

ಹೆಬ್ಬಾಳ ಫ್ಲೈಓವರ್:
ಚಾಟ್‌ನಲ್ಲಿ ಜನ ಅಳೆದು ತೂಗಿ ಬರೆಯುತ್ತಾರೆ, ನಗು, ತಡವರಿಕೆ ಏನೂ ಸಿಗಲ್ಲ. ನಾನಾಗಿದ್ದರೆ ವಾಯ್ಸ್ ಕೇಳುತ್ತಿದ್ದೆ. ಟೈಮ್ ನೋಡಿಕೊಳ್ಳಿ, ಅಲ್ಲಿ ನಡೆಯುವುದು ಕ್ಯಾಲಿಫೋರ್ನಿಯಾ ಗಡಿಯಾರ. ಅವರ ಸಂಜೆ 7 ನಮಗೆ ಮಾರನೇ ಬೆಳಗ್ಗೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ.

ಹಳೇ ಪಿಎಚ್‌ಡಿ:
ಅವರಾಗಿ ಒಪ್ಪಿದರೆ ಸರಿ. ಹೆಣ್ಣು ಅವತಾರದ ಹಿಂದೆ ಗಂಡಸು ಇರಬಹುದು, ಅಂಥವರ ಹತ್ತಿರ ದನಿ ಕೇಳಿದರೆ ಗುಟ್ಟು ಬಿಟ್ಟುಕೊಡು ಅಂದ ಹಾಗೇ ಅಲ್ವಾ?

ಮಲ್ಲಿಗೆ ಹಂಬು:
ಒಪ್ಪಿಗೆ ಪತ್ರವನ್ನು ನೋಟ್‌ಕಾರ್ಡ್ (ಸೆಕೆಂಡ್ ಲೈಫ್ ಒಳಗೇ ಕಳಿಸುವ ಬರಹದ ಚೀಟಿ) ಮಾಡಿ ಮೊದಲೇ ಕಳಿಸಿ. ನೀವು ಸಂಶೋಧಕಿ ಅಂತ ನಿಮ್ಮ ಪ್ರೊಫೈಲ್‌ನಲ್ಲೂ ಬರೆದಿರಲಿ. ಪ್ರಬಂಧದಲ್ಲಿ ಅವತಾರದ ಹೆಸರು, ಅಂಗಡಿ ಹೆಸರು ಎರಡನ್ನೂ ಬದಲಿಸಿ. ಅಸಲಿ ಹೆಸರಲ್ಲವಲ್ಲ ಅಂತ ಸುಮ್ನೆ ಬಿಡಬೇಡಿ, ವರ್ಷಗಟ್ಟಲೆ ಆ ಹೆಸರಲ್ಲೇ ವ್ಯಾಪಾರ ಮಾಡಿದವರಿಗೆ ಮಾನ ಮರ್ಯಾದೆ ಎಲ್ಲ ಅದರಲ್ಲೇ ಇರುತ್ತದೆ.

ಜಯನಗರ ನಾಲ್ಕನೇ ಬ್ಲಾಕ್:
ಎಲ್ಲರಿಗೂ ಥ್ಯಾಂಕ್ಸ್. ಚಾಟ್ ಅಂತ ಮೇಡಂ ಹತ್ತಿರ ವಾದ ಮಾಡುತ್ತೇನೆ. ಒಬ್ಬರು ಮಾತಾಡಲು ಲಿಂಡೆನ್ ಡಾಲರ್ (ಸೆಕೆಂಡ್ ಲೈಫ್ ಒಳಗಿನ ದುಡ್ಡು) ಕೇಳುತ್ತಿದ್ದಾರೆ, ಕೊಡಬಹುದಾ?

ಮಲ್ಲಿಗೆ ಹಂಬು:
ಕೊಡಿ, ಅಂಗಡಿ ಬಿಟ್ಟು ನಿಮ್ಮ ಜೊತೆ ಕೂರುತ್ತಾರಲ್ಲ. ಆದರೆ ಎಲ್ಲರಿಗೂ ಒಂದೇ ಮೊತ್ತ, ಎಥಿಕ್ಸ್ ಕಮಿಟಿ ಅರ್ಜಿಯಲ್ಲೂ ಅದನ್ನು ನಮೂದಿಸಿ.