‘ಅಪರೂಪದ ಮೀನು’ ಎಂದರೆ ನೀರಿನಲ್ಲಿ ಅಪರೂಪವೇ, ಮಾರಾಟದಲ್ಲಿ ಅಪರೂಪವೇ?

ಮಾನ್ಯರೇ,

ಅಕ್ವೇರಿಯಂ ಮೀನುಗಳ ಕುರಿತ ಕನ್ನಡ ಬರಹಗಳಲ್ಲಿ ‘ಅಪರೂಪ’ ಎಂಬ ಒಂದೇ ಪದ ಎರಡು ಬೇರೆ ಸಂಗತಿಗಳಿಗೆ ಬಳಕೆಯಾಗುತ್ತಿದೆ. ಹೊಳೆಯಲ್ಲೋ ಕಡಲಲ್ಲೋ ಸಂಖ್ಯೆಯೇ ಕುಗ್ಗಿರುವ ಮೀನನ್ನೂ ಅಪರೂಪ ಎನ್ನುತ್ತೇವೆ. ನೀರಿನಲ್ಲಿ ಹೇರಳವಾಗಿದ್ದು ಮಾರಾಟಕ್ಕೆ ಬಾರದ ಮೀನನ್ನೂ ಅಪರೂಪ ಎನ್ನುತ್ತೇವೆ. ಇವೆರಡಕ್ಕೂ ಬೇರೆ ಬೇರೆ ಪದ ಬೇಕೇಬೇಕು ಎಂಬುದು ನನ್ನ ಅಭಿಪ್ರಾಯ. ಯಾವ ಪದ ಎಂಬುದರಲ್ಲಿ ನಿಮ್ಮ ಸಲಹೆ ಕೇಳುತ್ತಿದ್ದೇನೆ.

ಕೆಂಪು ಬಾಲದ ಕಪ್ಪು ಶಾರ್ಕ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಮೀನನ್ನು ತೆಗೆದುಕೊಳ್ಳಿ (ಹೆಸರಿಗಷ್ಟೇ ಶಾರ್ಕ್, ಬಳಗ ಕಾರ್ಪ್ ಮೀನುಗಳದ್ದು). ಥಾಯ್ಲೆಂಡಿನ ಚಾವೊ ಫ್ರಾಯಾ ನದಿ ಇದರ ತವರು. ಅಲ್ಲಿ ಅದು ಸಂಪೂರ್ಣ ಅಳಿದೇಹೋಯಿತೆಂದು ಒಂದು ಕಾಲಕ್ಕೆ ನಂಬಲಾಗಿತ್ತು. ಈಗಲೂ ಅದು ಅಳಿವಿನಂಚಿನಲ್ಲಿದೆ. ಆದರೆ ಸಾಕಣೆ ಕೊಳಗಳಲ್ಲಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸಿ ಮರಿ ಮಾಡುವುದರಿಂದ ಅಂಗಡಿಗಳಲ್ಲಿ ಅದಕ್ಕೆ ಎಂದೂ ಕೊರತೆಯಿಲ್ಲ. ಇದನ್ನು ‘ಅಪರೂಪದ ಮೀನು’ ಎಂದರೆ ಕೊಳ್ಳುವವನು ನಂಬುವುದಿಲ್ಲ, ‘ಸಾಮಾನ್ಯ ಮೀನು’ ಎಂದರೆ ಅದು ನದಿಯ ಮಟ್ಟಿಗೆ ಸುಳ್ಳು.

ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಬ್ರೆಜಿಲಿನ ರಿಯೊ ನೀಗ್ರೊ ಸೀಮೆಯಲ್ಲಿ, ಬಾರ್ಸೆಲೋಸ್ ಪಟ್ಟಣದ ಸುತ್ತಿನ ತೊರೆಗಳಲ್ಲಿ ಅದು ಹೇರಳವಾಗಿದೆ. ನೀರು ಇಳಿದಾಗ ಮೀನುಗಾರರು ದೋಣಿಯ ಹುಟ್ಟಿನಿಂದ ಗುಂಪನ್ನು ಮೆಲ್ಲಗೆ ಕೈಬಲೆಯತ್ತ ಅಟ್ಟಿ, ಕೈ ತಾಗಿಸದೆ ಒಣಕಾಯಿಯ ಬುರುಡೆಯ ಬಟ್ಟಲಿನಿಂದ ಮೊಗೆದುಕೊಳ್ಳುತ್ತಾರೆ. ನದಿ ಉಕ್ಕಿ ಕಾಡಿನೊಳಗೆ ನುಗ್ಗಿತೆಂದರೆ ಅದೇ ಮೀನು ಮರಗಳ ನಡುವೆ ಚದುರಿಹೋಗುತ್ತದೆ, ಬಲೆಗೆ ದಕ್ಕುವುದಿಲ್ಲ. ಆ ತಿಂಗಳುಗಳಲ್ಲಿ ಅದು ‘ಇಲ್ಲ’ ಎನ್ನುವುದು ತಪ್ಪು, ‘ಸಿಗುವುದಿಲ್ಲ’ ಎನ್ನುವುದು ಸರಿ. ಕಾನೂನಿನಿಂದಲೂ ಇಂಥ ಅಭಾವ ಬರುತ್ತದೆ: 2017ರಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಅಲ್ಲಿನ ಅಕ್ವೇರಿಯಂ ಮೀನುಗಾರಿಕೆಗೆ ತಡೆ ಬಿದ್ದಾಗ, ಹವಳದ ದಿಬ್ಬಗಳಲ್ಲಿ ಹಳದಿ ಟ್ಯಾಂಗ್ ಎಂಬ ಕಡಲಮೀನು ಇದ್ದೇ ಇತ್ತು, ಅಂಗಡಿಗಳಲ್ಲಿ ಮಾತ್ರ ಕಡಿಮೆಯಾಗಿ ಬೆಲೆ ಏರಿತು.

ಹೀಗಾಗಿ ನೆಲೆಯಲ್ಲಿ ಕಡಿಮೆಯಿರುವುದಕ್ಕೆ ‘ವಿರಳ’, ಕೊಳ್ಳಲು ಸಿಗದಿರುವುದಕ್ಕೆ ‘ದುರ್ಲಭ’ ಎಂದು ಗೆರೆ ಎಳೆಯಬಹುದೇ? ‘ವಿರಳ’ದಲ್ಲಿ ದಟ್ಟವಲ್ಲದ್ದು, ನಡುನಡುವೆ ತೆರಪುಳ್ಳದ್ದು ಎಂಬ ಅರ್ಥವಿದೆ, ಜೀವಿಗಳ ಸಂಖ್ಯೆಯ ಮಾತಿಗೆ ಅದು ಒಪ್ಪುತ್ತದೆ. ‘ದುರ್ಲಭ’ದೊಳಗೆ ಲಾಭ, ಲಭ್ಯಗಳ ಧಾತುವೇ ಇರುವುದರಿಂದ ಪಡೆಯುವವನ ಕಷ್ಟ ತಾನಾಗಿಯೇ ಬರುತ್ತದೆ. ಆದರೆ ದರ್ಶನ, ಸತ್ಸಂಗಗಳ ಜೊತೆ ಹೆಚ್ಚಾಗಿ ಓಡಾಡಿದ ಈ ಪದ ಮೀನಿನ ಬೆಲೆಪಟ್ಟಿಯಲ್ಲಿ ಕುಳಿತರೆ ಭಾರವೆನಿಸುತ್ತದೆಯೋ ಏನೋ. ಹಾಗಾದರೆ ‘ಸಿಗುವುದು ಕಷ್ಟ’ ಎಂದು ಸರಳವಾಗಿ ಬರೆಯಲು ನನ್ನ ಅಡ್ಡಿಯಿಲ್ಲ.

ಇನ್ನೊಂದು ತೊಡಕು, ಸಾಕಣೆಯಲ್ಲಿ ಹುಟ್ಟದೆ ಮೂಲನೆಲೆಯಿಂದಲೇ ಹಿಡಿದು ತಂದ ಮೀನಿನದು. ಅದನ್ನು ‘ಕಾಡುಮೀನು’ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಕಾಡುಕೋಣ, ಕಾಡುಪಾಪ ಎಂದಾಗ ನಮಗೆ ತೋರುವುದು ಬೇರೆಯೇ ಒಂದು ಪ್ರಾಣಿ. ಇಲ್ಲಾದರೋ ಹಿಡಿದ ಮೀನೂ ಸಾಕಿದ ಮೀನೂ ಒಂದೇ ಪ್ರಭೇದದವು, ಬಂದ ದಾರಿ ಮಾತ್ರ ಬೇರೆ. ಸಿಹಿನೀರಿನ ಅಕ್ವೇರಿಯಂ ಮೀನುಗಳಲ್ಲಿ ಬಹುಪಾಲು ಸಾಕಣೆಯವು, ಕಡಲಿನವುಗಳಲ್ಲಿ ಬಹುಪಾಲು ಹಿಡಿದು ತಂದವು. ಆದ್ದರಿಂದ ಈ ವ್ಯತ್ಯಾಸ ಕೊಳ್ಳುವವನಿಗೂ ನೆಲೆಯ ಹಿತಕ್ಕೂ ಮುಖ್ಯವಾದದ್ದು, ಪದ ಮಸುಕಾದರೆ ಅದು ಕೈತಪ್ಪುತ್ತದೆ. ‘ನೆಲೆಹಿಡಿ ಮೀನು’ ಎಂದು ಒಬ್ಬರು ಸೂಚಿಸಿದ್ದರು. ಆದರೆ ‘ನೆಲೆ ಹಿಡಿ’ ಎಂದರೆ ಗುರುತು ಪತ್ತೆ ಮಾಡು ಎಂಬ ಅರ್ಥವೂ ಹೊಳೆಯುತ್ತದೆ. ಸದ್ಯಕ್ಕೆ ‘ಹಿಡಿದು ತಂದ ಮೀನು’, ‘ಸಾಕಣೆಯ ಮೀನು’ ಎಂಬ ಜೋಡಿಯನ್ನೇ ಬಳಸುತ್ತಿದ್ದೇನೆ.

ಉಳಿದಿರುವುದು, ವ್ಯಾಪಾರದಲ್ಲಿ ‘ಎಫ್ 1’ ಎನ್ನುವ, ಹಿಡಿದು ತಂದ ತಾಯಿತಂದೆಗಳಿಗೆ ತೊಟ್ಟಿಯಲ್ಲೇ ಹುಟ್ಟಿದ ಮರಿ. ‘ಮೊದಲ ತಲೆಮಾರಿನ ಮರಿ’ ಎಂದರೆ ಎಲ್ಲಿಂದ ಎಣಿಸಿದ ಮೊದಲು ಎಂಬ ಪ್ರಶ್ನೆ ಉಳಿದುಬಿಡುತ್ತದೆ. ಪಶುಸಾಕಣೆಯಲ್ಲೋ ಬಿತ್ತನೆಬೀಜದ ವ್ಯವಹಾರದಲ್ಲೋ ಇದಕ್ಕೆ ಹೊಂದುವ ಕನ್ನಡ ಮಾತು ಬಳಕೆಯಲ್ಲಿದ್ದರೆ, ಬಲ್ಲವರು ಅದನ್ನು ಪ್ರಯೋಗದ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.