ಮಿಕ್ಸಿ ಹಾಕಿದ ಕೂಡಲೇ ಇನ್ವರ್ಟರ್ ‘ಲೋ ಬ್ಯಾಟರಿ’ ಅಂತ ಆಫ್. ಬ್ಯಾಟರಿ ಚೆನ್ನಾಗಿಯೇ ಇದೆ!

ಕಾಡಂಚು:
ಲೈಟು, ಫ್ಯಾನು, ಟಿವಿ ಎಲ್ಲ ನಡೆಯುತ್ತೆ. ಮಿಕ್ಸಿ ಸ್ವಿಚ್ ಒತ್ತಿದರೆ ಕುಂಯ್ ಅಂತ ಕೂಗಿ ಬಂದ್. ರಿಪೇರಿಯವರು ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಅಂತಾರೆ. ನಮ್ಮಲ್ಲಿ ಕರೆಂಟ್ ಲೈನೇ ಇಲ್ಲ, ಎಲ್ಲ ಸೋಲಾರ್ ಪ್ಯಾನೆಲ್ಲಿಂದಲೇ, ಮಳೆಗಾಲ ಹತ್ತಿರ ಬಂತು. ಏನಾದ್ರೂ ಹೇಳಿ.

ತಾಮ್ರತಂತಿ:
ಎಷ್ಟು ವೋಲ್ಟಿನ ಸಿಸ್ಟಂ? ಇನ್ವರ್ಟರ್ ಎಷ್ಟು ವಿಎ (ಎಷ್ಟು ಲೋಡ್ ಹೊರುತ್ತೆ ಅನ್ನೋ ಅಳತೆ)? ಬ್ಯಾಟರಿ ಯಾವುದು, ಎಷ್ಟು ಹಳೆಯದು? ಇದಿಲ್ಲದೆ ಏನು ಹೇಳೋದು ಮಾರಾಯ್ರೆ.

ಕಾಡಂಚು:
24 ವೋಲ್ಟ್, 1400 ವಿಎ. ಇನ್ವರ್ಟರ್ ಹತ್ತು ವರ್ಷದ್ದು. 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಲೆಡ್ ಆಸಿಡ್ ಬ್ಯಾಟರಿ ಎರಡು, ಹಾಕಿ ಎರಡು ವರ್ಷ. ಗ್ರ್ಯಾವಿಟಿ (ಆಸಿಡ್ಡಿನ ಸಾಂದ್ರತೆ) ಎಲ್ಲ ಸೆಲ್ಲಲ್ಲೂ 1.230 ಮೇಲೆ, ಅಂದ್ರೆ ಚಾರ್ಜ್ ಚೆನ್ನಾಗಿದೆ.

ಹೊಳೆದಂಡೆ:
ಕೆಪಾಸಿಟರ್, ಅನುಮಾನವೇ ಇಲ್ಲ. ಹತ್ತು ವರ್ಷಕ್ಕೆ ಡಿಸಿ (ಬ್ಯಾಟರಿ) ಕಡೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗಿನ ದ್ರವ ಒಣಗಿರುತ್ತೆ. ತಲೆ ಉಬ್ಬಿದೆಯಾ ನೋಡಿ. ಉಬ್ಬದಿದ್ದರೂ ಬದಲಾಯಿಸಿ. ಅಷ್ಟೇ ಮೈಕ್ರೋಫ್ಯಾರಡ್, 63 ವೋಲ್ಟ್, 105 ಡಿಗ್ರಿಯದ್ದು. 85 ಡಿಗ್ರಿಯದ್ದು ಅಗ್ಗ ಅಂತ ಹಾಕಬೇಡಿ.

ಬಿಸಿಲುಗುಡ್ಡ:
ಲೆಡ್ ಆಸಿಡ್ ಬಿಟ್ಟು ಲಿಥಿಯಂಗೆ ಬನ್ನಿ ಸರ್. ನಮ್ಮಲ್ಲಿ 48 ವೋಲ್ಟ್ 100 ಎಎಚ್ ಎಲ್‌ಎಫ್‌ಪಿ (ಒಂದು ಬಗೆಯ ಲಿಥಿಯಂ ಬ್ಯಾಟರಿ), 5 ಕೆವಿಎ ಇನ್ವರ್ಟರ್. ಅಡಿಕೆ ಸುಲಿಯುವ ಮೆಷಿನ್ನೂ ಓಡುತ್ತೆ. ನೀರು ಹಾಕುವ ಗೋಜಿಲ್ಲ.

ತಾಮ್ರತಂತಿ:
ಅವರು ಕೇಳಿದ್ದು ಅದಲ್ಲ. ಹೊಳೆದಂಡೆಯವರೇ, ಅಳೆಯದೆ ಬೋರ್ಡ್ ಬಿಚ್ಚಿಸಬೇಡಿ. ಕಾಡಂಚು, 100 ವ್ಯಾಟಿನ ಹಳೇ ಬಲ್ಬ್ ಎರಡು ಉರಿಸಿ. ಉರಿಯುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟೇಜ್ ಎರಡು ಕಡೆ ನೋಡಿ: ಬ್ಯಾಟರಿಯ ಸೀಸದ ಕಂಬದ ಮೇಲೆ (ವೈರಿನ ತುದಿಯ ಲೋಹದ ಕೊಂಡಿ, ಅಂದರೆ ಲಗ್ ಮೇಲಲ್ಲ), ಆಮೇಲೆ ಇನ್ವರ್ಟರಿನ ಟರ್ಮಿನಲ್ಲಲ್ಲಿ.

ಕಾಡಂಚು:
ಬ್ಯಾಟರಿಯಲ್ಲಿ 24.6, ಇನ್ವರ್ಟರಿನಲ್ಲಿ 23.9. ಇಷ್ಟು ವ್ಯತ್ಯಾಸ ಇರೋದೇ ಅಲ್ವಾ?

ತಾಮ್ರತಂತಿ:
ಇಲ್ಲ, ಸಿಕ್ಕಿತು! 200 ವ್ಯಾಟಿಗೆ ಡಿಸಿ ಕಡೆ ಸುಮಾರು 10 ಆಂಪ್. ಅಷ್ಟಕ್ಕೇ 0.7 ವೋಲ್ಟ್ ದಾರಿಯಲ್ಲಿ ಹೋಗುತ್ತಿದೆ. ಮಿಕ್ಸಿ ಹೊರಡುವಾಗ 50 ಆಂಪ್ ಎಳೆದರೆ 3.5 ವೋಲ್ಟ್ ಹೋಗುತ್ತೆ. ಬ್ಯಾಟರಿಯೂ ಆಗ ಸ್ವಲ್ಪ ಇಳಿದಿರುತ್ತೆ. ಇನ್ವರ್ಟರಿಗೆ 21ಕ್ಕಿಂತ ಕಡಿಮೆ ಕಾಣುತ್ತೆ, ಅದು ಕಟ್ ಮಾಡುತ್ತೆ. 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹೋಗಿ ಬಂದು 6 ಮೀಟರ್ ಇದ್ದರೂ 10 ಆಂಪಿಗೆ 0.07 ವೋಲ್ಟ್ ಮಾತ್ರ. ಉಳಿದದ್ದು ಯಾವುದೋ ಜಾಯಿಂಟಿನಲ್ಲಿದೆ. ಬಲ್ಬ್ ಉರಿಯುತ್ತಿರಲಿ, ಒಂದೊಂದು ಜಾಯಿಂಟಿನ ಆಚೆ ಈಚೆ ಪ್ರೋಬ್ ಇಟ್ಟು ಮಿಲಿವೋಲ್ಟ್ ನೋಡುತ್ತಾ ಹೋಗಿ: ಕಂಬದಿಂದ ಲಗ್, ಲಗ್‌ನಿಂದ ವೈರ್, ಎರಡು ಬ್ಯಾಟರಿ ನಡುವಿನ ಲಿಂಕ್, ಫ್ಯೂಸ್.

ಕಾಡಂಚು:
ಪ್ಲಸ್ ವೈರಿನಲ್ಲಿರೋ ಎಂಸಿಬಿ (ತಾನೇ ಟ್ರಿಪ್ ಆಗೋ ಸ್ವಿಚ್) ಆಚೆ ಈಚೆ 480 ಮಿಲಿವೋಲ್ಟ್. ಬ್ಯಾಟರಿ ಮೈನಸ್ ಲಗ್‌ನಲ್ಲಿ 110, ಹಸಿರು ಪುಡಿ ಕಟ್ಟಿದೆ.

ತಾಮ್ರತಂತಿ:
ಎಂಸಿಬಿ ಇದೆ ಅಂತ ಮೊದಲೇ ಹೇಳಬೇಕಿತ್ತು. ಮನೆ ವೈರಿಂಗಿನ ಎಸಿ ಎಂಸಿಬಿ ತಾನೆ? ಕಾಂಟ್ಯಾಕ್ಟ್ ಸುಟ್ಟಿದೆ. ತೆಗೆಯಿರಿ.

ಬಿಸಿಲುಗುಡ್ಡ:
24 ವೋಲ್ಟಿಗೆ ಎಸಿ ಎಂಸಿಬಿ ನಡೆಯುತ್ತೆ ಸರ್, ಎಷ್ಟೋ ಕಡೆ ಹಾಕಿದ್ದಾರೆ.

ತಾಮ್ರತಂತಿ:
ವೋಲ್ಟೇಜಿಗೆ ನಡೆಯಬಹುದು. ಶಾರ್ಟ್ ಆದರೆ 150 ಎಎಚ್ ಬ್ಯಾಟರಿ ಸಾವಿರ ಆಂಪ್ ದಾಟಿ ಕೊಡುತ್ತೆ. ಡಿಸಿಯಲ್ಲಿ ಕರೆಂಟ್ ಎಸಿ ಹಾಗೆ ಮತ್ತೆ ಮತ್ತೆ ಸೊನ್ನೆಗೆ ಬರೋದಿಲ್ಲ, ಕಿಡಿ ಆರೋದು ಕಷ್ಟ. ಬ್ಯಾಟರಿ ಪ್ಲಸ್ಸಿಗೆ ಆದಷ್ಟು ಹತ್ತಿರ 80 ಆಂಪಿನ ಬೋಲ್ಟ್ ಫ್ಯೂಸ್ ಹಾಕಿ. ಕೆಲಸಕ್ಕೆ ಮುಂಚೆ ಸೋಲಾರ್ ಚಾರ್ಜ್ ಕಂಟ್ರೋಲರಿನಿಂದ ಪ್ಯಾನೆಲ್ ವೈರ್ ತೆಗೆಯಿರಿ, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಕೊನೆಗೆ ಪ್ಯಾನೆಲ್. ಹಸಿರು ಕಟ್ಟಿದ ಲಗ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿ (ಉಪಕರಣದಲ್ಲಿ ಒತ್ತಿ ಕೂರಿಸೋದು), ಸುತ್ತಿಗೆಯಲ್ಲಿ ಬಡಿದದ್ದು ಬೇಡ. ಕಂಬವನ್ನು ಸೋಡಾಪುಡಿ ನೀರಲ್ಲಿ ಒರೆಸಿ, ಆ ನೀರು ಸೆಲ್ಲಿನೊಳಗೆ ಹೋಗಬಾರದು. ಬಿಗಿ ಮಾಡಿದ ಮೇಲೆ ವ್ಯಾಸಲಿನ್.

ಕಾಡಂಚು:
ಎರಡೂ ಆಯ್ತು. ಈಗ ಬ್ಯಾಟರಿಗೂ ಇನ್ವರ್ಟರಿಗೂ 0.1 ವ್ಯತ್ಯಾಸ. ಮಿಕ್ಸಿ ಓಡುತ್ತೆ! ಆದರೆ ಕೆಪಾಸಿಟರ್ ಒಂದರ ತಲೆ ಸ್ವಲ್ಪ ಉಬ್ಬಿದ್ದು ಹೌದು.

ಹೊಳೆದಂಡೆ:
ನೋಡಿ, ಹೇಳಿದ್ದೆ. ಒಂದು ಉಬ್ಬಿದ್ದರೂ ಎಲ್ಲವನ್ನೂ ಬದಲಾಯಿಸಿ, ಪಟ್ಟಿ ಇರುವ ಕಡೆ ಮೈನಸ್. ಆಮೇಲೆ ಬ್ಯಾಟರಿ ವೈರನ್ನು ನೇರ ಮುಟ್ಟಿಸಬೇಡಿ, ದೊಡ್ಡ ಕಿಡಿ ಹಾರುತ್ತೆ. ಮೊದಲು 47 ಓಮ್ 5 ವ್ಯಾಟ್ ರೆಸಿಸ್ಟರ್ ಮೂಲಕ ಐದು ಸೆಕೆಂಡ್ ಕೆಪಾಸಿಟರ್ ತುಂಬಿಸಿ, ತಕ್ಷಣ ವೈರ್ ಕೂರಿಸಿ. ಈಗಿರುವುದರ ಮೈಕ್ರೋಫ್ಯಾರಡ್ ಎಷ್ಟು, ಎಷ್ಟು ಎತ್ತರ?