ಮೇ ತಿಂಗಳ ಮಹಡಿ ಊಟಕ್ಕೆ ಕಲ್ಲಂಗಡಿ ಬುಟ್ಟಿಯಲ್ಲಿ ಫ್ರೂಟ್ ಸಲಾಡ್: ನೀರು ಬಿಡದ ಹಾಗೆ ಮಾಡುವುದು ಹೇಗೆ?

ರಾಜಾಜಿನಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ಮೇ ಎರಡನೇ ಭಾನುವಾರ ನಮ್ಮ ಮನೆಗೆ ಅತ್ತೆಯ ತವರಿನವರೆಲ್ಲ ಬರುತ್ತಿದ್ದಾರೆ. ಕುಣಿಗಲ್, ಮಾಗಡಿ, ತುಮಕೂರು ಕಡೆಯವರು. ಮಕ್ಕಳೂ ಸೇರಿ 35 ಜನ ಆಗಬಹುದು. ಮಹಡಿ ಮೇಲೆ ಶಾಮಿಯಾನ ಹಾಕಿಸುತ್ತಿದ್ದೇವೆ. ಅಡುಗೆ ಭಟ್ಟರದ್ದು. ಫ್ರೂಟ್ ಸಲಾಡ್ ಮಾತ್ರ ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.

ಕಲ್ಲಂಗಡಿಯನ್ನು ಹಿಡಿ ಇರುವ ಬುಟ್ಟಿಯ ಹಾಗೆ ಕೆತ್ತಿ, ಅದರೊಳಗೇ ಹಣ್ಣು ತುಂಬಿ ಇಡಬೇಕು ಅಂತ ಆಸೆ. ಮದುವೆ ಮನೆಗಳಲ್ಲಿ ನೋಡಿದಾಗಲೆಲ್ಲ ಮಕ್ಕಳು ಅದರ ಮುಂದೆಯೇ ನಿಂತುಬಿಡುತ್ತಾರೆ. ಆದರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪು ನೀರು ನಿಂತು, ಹಣ್ಣೆಲ್ಲ ಅದರಲ್ಲಿ ಮುಳುಗಿರುತ್ತದೆ. ಅದನ್ನು ತಪ್ಪಿಸುವುದು ಹೇಗೆ? ಎಂಥ ಕಲ್ಲಂಗಡಿ ತರಬೇಕು? ಹಿಂದಿನ ದಿನವೇ ಕೆತ್ತಿಡಬಹುದಾ? ನಮ್ಮದು ಸಿಂಗಲ್ ಡೋರ್ ಫ್ರಿಜ್, ಜಾಗ ಕಡಿಮೆ. ಅತ್ತೆಗೆ ಹಣ್ಣಿಗೆ ಸಕ್ಕರೆ ಹಾಕಿದರೆ ಸೇರುವುದಿಲ್ಲ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ವಿಜಯನಗರ ಅಮ್ಮ:

ಬಾಳೆಹಣ್ಣು, ಸಪೋಟ ಎರಡನ್ನೂ ಬಿಟ್ಟುಬಿಡಿ. ಬಾಳೆ ಕಪ್ಪಾಗುತ್ತದೆ, ಸಪೋಟ ಕರಗಿ ಉಳಿದ ಹಣ್ಣಿನ ಬಣ್ಣ ಕೆಡಿಸುತ್ತದೆ. ಕಸ್ಟರ್ಡ್ ಬೇಕು ಅನ್ನುವವರಿಗೆ ಬೇರೆ ಪಾತ್ರೆಯಲ್ಲಿ ಇಡಿ. ಮೇ ತಿಂಗಳಿಗೆ ತಾಟಿನಿಂಗು ಸಿಗುತ್ತದಲ್ವಾ, ಸಿಪ್ಪೆ ಸುಲಿದು ಹೋಳು ಮಾಡಿ ಹಾಕಿ. ಕಲ್ಲಂಗಡಿ ಜೊತೆ ಬಹಳ ಚೆನ್ನಾಗಿರುತ್ತದೆ.

ಹಿಡಿ ಮಾಡೋಕೆ ಧೈರ್ಯ ಸಾಲದಿದ್ದರೆ ಉದ್ದ ಹಣ್ಣನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿ. ಅದೂ ಚೆಂದ.

ಬಸವನಗುಡಿ ಕೆತ್ತನೆಯವನು:

ಅಕ್ಕಾ, ನಾನು ಮದುವೆ, ಗೃಹಪ್ರವೇಶಗಳಿಗೆ ಹಣ್ಣು, ತರಕಾರಿ ಕೆತ್ತಿ ಕೊಡುತ್ತೇನೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಜೊತೆಗೆ ಇಕೆಬಾನ (ಜಪಾನಿ ಹೂಜೋಡಣೆ), ತರಕಾರಿ ಕೆತ್ತನೆ ಎಲ್ಲ ಇಡುತ್ತಾರಲ್ಲ, ಹುಡುಗನಾಗಿದ್ದಾಗ ಅದನ್ನು ನೋಡಿಯೇ ಈ ಹುಚ್ಚು ಹತ್ತಿದ್ದು. ಎಲ್ಲರೂ ಡಿಸೈನ್ ಕೇಳುತ್ತಾರೆ. ನೀವು ನೀರಿನ ಬಗ್ಗೆ ಕೇಳಿದ್ದೀರಿ. ಬಹಳ ಖುಷಿಯಾಯಿತು, ಏಕೆಂದರೆ ಇಡೀ ಕೆಲಸ ನಿಂತಿರುವುದೇ ಅದರ ಮೇಲೆ.

ಕಲ್ಲಂಗಡಿಯಲ್ಲಿ ನೂರಕ್ಕೆ ಸುಮಾರು 92 ಪಾಲು ನೀರು. ಚಾಕು ತಗುಲಿದ ಕಡೆಯಿಂದೆಲ್ಲ ಅದು ಇಳಿಯುತ್ತಲೇ ಇರುತ್ತದೆ. ಮೇಲೆ ಉಪ್ಪು, ಸಕ್ಕರೆ, ಚಾಟ್ ಮಸಾಲಾ ಬಿದ್ದರೆ ಇನ್ನೂ ಜಾಸ್ತಿ. ಉಪ್ಪಿನಕಾಯಿಗೆ ಮಾವಿನಕಾಯಿ ಹೋಳನ್ನು ಉಪ್ಪಿನಲ್ಲಿ ಹಾಕಿಟ್ಟರೆ ನೀರು ಬಿಡುತ್ತದಲ್ಲ, ಇಲ್ಲೂ ಅದೇ ನಡೆಯುವುದು. ಹಾಗಾಗಿ ಬುಟ್ಟಿ ಬೇರೆ ಇರಲಿ, ಹಣ್ಣು ಬೇರೆ ಇರಲಿ. ಬಡಿಸುವ ಹತ್ತು ನಿಮಿಷ ಮುಂಚೆ ಎರಡನ್ನೂ ಸೇರಿಸಿ. ಉಪ್ಪು, ಮಸಾಲೆ ಬುಟ್ಟಿಗೆ ಬೇಡವೇ ಬೇಡ. ಪಕ್ಕದಲ್ಲಿ ಬಟ್ಟಲಲ್ಲಿಡಿ, ಬೇಕಾದವರು ತಟ್ಟೆಯಲ್ಲಿ ಉದುರಿಸಿಕೊಳ್ಳಲಿ.

ಈಗ ಹಣ್ಣು ಆರಿಸುವುದು. ಮಾರ್ಕೆಟ್‌ನಲ್ಲಿ ಜಾಸ್ತಿ ಸಿಗುವುದು ಕಿರಣ್ ಜಾತಿಯದ್ದು. ಕಡು ಹಸಿರು, ಚಿಕ್ಕದು, ಸಿಹಿ ಚೆನ್ನಾಗಿರುತ್ತದೆ. ಆದರೆ ಸಿಪ್ಪೆ ತೆಳು. ಹಿಡಿ ಕೆತ್ತಿದರೆ ಬಿರುಕು ಬಿಡುತ್ತದೆ. ಬುಟ್ಟಿಗೆ 5-6 ಕಿಲೋ ತೂಗುವ, ಪಟ್ಟೆ ಪಟ್ಟೆ ಇರುವ, ದಪ್ಪ ಸಿಪ್ಪೆಯ ಹಣ್ಣು ತನ್ನಿ. ತುಂಬುವುದಕ್ಕೆ ಬೇಕಾದ ತಿರುಳಿಗೆ ಕಿರಣ್ ತನ್ನಿ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಮಾಣಿಕ್ ಎಂಬ ತಳಿ ಇದೆ. ಅದು ಸುಮಾರು 6 ಕಿಲೋ ಬರುತ್ತದೆ, ತಿರುಳು ಗಾಢ ಕೆಂಪು. ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಬಳ್ಳಿಯಿಂದ ಕಿತ್ತ ಮೇಲೆ ಕಲ್ಲಂಗಡಿ ಇನ್ನಷ್ಟು ಸಿಹಿಯಾಗುವುದಿಲ್ಲ. ಮಾವಿನ ಹಾಗೆ ಮನೆಯಲ್ಲಿಟ್ಟು ಮಾಗಿಸೋಕೆ ಆಗದು. ಅಂಗಡಿಯಲ್ಲೇ ನೋಡಿ ತರಬೇಕು. ನೆಲಕ್ಕೆ ತಾಗಿದ್ದ ಕಡೆ ಕಲೆ ಹಳದಿಯಾಗಿದ್ದರೆ ಬಲಿತ ಹಣ್ಣು, ಬೆಳ್ಳಗಿದ್ದರೆ ಬೇಗ ಕಿತ್ತದ್ದು. ಒಂದೇ ಗಾತ್ರದ ಎರಡನ್ನು ಕೈಯಲ್ಲಿ ಹಿಡಿದು ನೋಡಿ, ಭಾರವಾದದ್ದನ್ನು ತೆಗೆದುಕೊಳ್ಳಿ. ತಂದ ಮೇಲೆ ಬಾಳೆಗೊನೆ, ಮಾವಿನ ಬುಟ್ಟಿಯ ಪಕ್ಕ ಇಡಬೇಡಿ. ಆ ಹಣ್ಣುಗಳು ಬಿಡುವ ಎಥಿಲೀನ್ ಗಾಳಿಗೆ ಕಲ್ಲಂಗಡಿಯ ತಿರುಳು ಮೆತ್ತಗಾಗುತ್ತದೆ.

ಕೆತ್ತುವ ಮುಂಚೆ ಇಡೀ ಹಣ್ಣನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ಇದನ್ನು ಬಹಳ ಜನ ಬಿಡುತ್ತಾರೆ. ಸಿಪ್ಪೆಯ ಮೇಲಿನ ಮಣ್ಣು, ಕ್ರಿಮಿ ಚಾಕುವಿನ ಜೊತೆ ಒಳಗೆ ಹೋಗುತ್ತದೆ. ಕಲ್ಲಂಗಡಿಯಲ್ಲಿ ನಿಂಬೆ, ಅನಾನಸ್‌ನಲ್ಲಿರುವಷ್ಟು ಹುಳಿ ಇಲ್ಲ, ಹಾಗಾಗಿ ಬಿಸಿಲಲ್ಲಿ ಬೇಗ ಕೆಡುತ್ತದೆ. ಕತ್ತರಿಸಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಮೇ ತಿಂಗಳಲ್ಲಿ ನಿಮ್ಮ ಮಹಡಿ ಖಂಡಿತ ದಾಟುತ್ತದೆ.

ಹಣ್ಣನ್ನು ಮಲಗಿಸಿದಾಗ ಅದು ತಾನಾಗಿ ಒಂದು ಮಗ್ಗುಲಿಗೆ ನಿಲ್ಲುತ್ತದೆ. ಆ ಮಗ್ಗುಲೇ ತಳ. ಅಲ್ಲಿ ಹಸಿರು ಸಿಪ್ಪೆಯನ್ನು ಮಾತ್ರ ತೆಳ್ಳಗೆ ಸವರಿ ಮಟ್ಟ ಮಾಡಿ. ಬಿಳಿ ದಾಟಿ ಕೆಂಪು ಕಂಡರೆ ಸೋರುತ್ತದೆ. ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ಹಣ್ಣಿನ ನಡು ಎತ್ತರಕ್ಕೆ ಸುತ್ತ ಒಂದು ಗೆರೆಯನ್ನು ಹಲ್ಲುಕಡ್ಡಿಯಿಂದ ಗೀರಿ. ಮೇಲೆ ಅಡ್ಡಕ್ಕೆ ಹಿಡಿಯ ಗುರುತು ಮಾಡಿ, ಮೂರು ಬೆರಳು ಅಗಲ ಇರಲಿ. ಹಿಡಿಯ ಎರಡೂ ಪಕ್ಕ ಮೇಲಿಂದ ನಡುಗೆರೆವರೆಗೆ ನೇರ ಕೊಯ್ಯಿರಿ. ಆಮೇಲೆ ಚೂಪು ತುದಿಯ ಸಣ್ಣ ಚಾಕುವಿನಿಂದ ನಡುಗೆರೆಯ ಮೇಲೆ ಗರಗಸದ ಹಲ್ಲಿನ ಹಾಗೆ ಓರೆ ಓರೆಯಾಗಿ ಚುಚ್ಚುತ್ತಾ ಹೋಗಿ. ಪ್ರತಿ ಸಲವೂ ಚಾಕು ಹಣ್ಣಿನ ನಡುವಿನವರೆಗೆ ಇಳಿಯಬೇಕು. ಸುಮ್ನೆ ಮೇಲೆ ಮೇಲೆ ಕೊಯ್ದರೆ ತುಂಡು ಎತ್ತುವಾಗ ಹಲ್ಲು ಮುರಿಯುತ್ತದೆ. ಅವಸರ ಬೇಡ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಹೊತ್ತು ಇದೇ. ಎರಡೂ ಕಡೆಯ ತುಂಡು ಬಿಟ್ಟುಕೊಂಡು ಬಂದಾಗ ಬುಟ್ಟಿ ತಟ್ಟನೆ ಕಾಣಿಸಿಕೊಳ್ಳುತ್ತದೆ.

ಒಳಗಿನ ಕೆಂಪನ್ನು ಪೂರ್ತಿ ಕೆರೆದು ತೆಗೆಯಿರಿ. ಉಳಿದ ಕೆಂಪೇ ಆಮೇಲೆ ನೀರು ಬಿಡುವುದು. ಬಿಳಿ ಗೋಡೆ ಅರ್ಧ ಇಂಚಾದರೂ ಇರಲಿ. ಬುಟ್ಟಿಯನ್ನು ಓರೆಯಾಗಿ ಬಗ್ಗಿಸಿ ಅರ್ಧ ಗಂಟೆ ನೀರು ಬಸಿಯಿರಿ. ಒಣ ಬಟ್ಟೆಯಿಂದ ಒಳಗೆ ಒರೆಸಿ, ಶನಿವಾರ ರಾತ್ರಿಯೇ ಒದ್ದೆ ಬಟ್ಟೆ ಮುಚ್ಚಿ ತಂಪಿಗಿಡಿ. ಬೆಳಿಗ್ಗೆ ಮತ್ತೆ ಒರೆಸಿ. ಎತ್ತುವಾಗ ತಳಕ್ಕೆ ಎರಡೂ ಕೈ ಕೊಡಿ. ಹಿಡಿ ಇರುವುದು ಅಂದಕ್ಕೆ ಮಾತ್ರ, ಅದನ್ನು ಹಿಡಿದು ಎತ್ತಬೇಡಿ. ಮಕ್ಕಳಿಗೂ ಹೇಳಿಡಿ.

ಇನ್ನೊಂದು ಉಪಾಯ. ಬುಟ್ಟಿಯ ತಳದಲ್ಲಿ ಇಡ್ಲಿ ತಟ್ಟೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಹಣ್ಣು ತುಂಬಿ. ಇಳಿದ ರಸ ತೂತುಗಳಿಂದ ಕೆಳಗೆ ಹೋಗುತ್ತದೆ, ಹಣ್ಣು ಮೇಲೆ ಒಣಗಿರುತ್ತದೆ. ಹಣ್ಣು ಮುಚ್ಚಿಕೊಂಡ ಮೇಲೆ ತಟ್ಟೆ ಯಾರಿಗೂ ಕಾಣುವುದಿಲ್ಲ.

ಒಳಗೆ ಏನು ಹಾಕಬೇಕು? ಕಲ್ಲಂಗಡಿ, ಕರಬೂಜ ಎರಡನ್ನೂ ಸ್ಕೂಪರ್‌ನಿಂದ ಉಂಡೆ ತೆಗೆಯಿರಿ. ಕೆಂಪು, ಕೇಸರಿ ಬಣ್ಣ ಸಿಕ್ಕಿತು. ಬೀಜವಿಲ್ಲದ ಹಸಿರು ದ್ರಾಕ್ಷಿ ಇಡಿಯಾಗಿ ಹಾಕಿ, ಚಿಕ್ಕ ಮಕ್ಕಳಿಗೆ ಮಾತ್ರ ಉದ್ದಕ್ಕೆ ಸೀಳಿ ಕೊಡಿ, ಗಂಟಲಿಗೆ ಸಿಕ್ಕಬಾರದು. ಅನಾನಸ್ ಸಣ್ಣ ಹೋಳು. ಮಾವು ಹಾಕುವುದಾದರೆ ಬಾದಾಮಿ, ಅದೂ ಸ್ವಲ್ಪ ಗಟ್ಟಿ ಇರುವಾಗ. ರಸಪುರಿ ಸೀಕರಣೆಗೆ ಸರಿ, ಇಲ್ಲಿ ರಸ ಸೋರಿಸುತ್ತದೆ. ದಾಳಿಂಬೆ ಕಾಳು ಕೊನೆಗೆ. ತಾಟಿನಿಂಗಿನ ಮಾತು ಹೇಳಿದವರಿಗೆ ನನ್ನದೊಂದು ನಮಸ್ಕಾರ, ಅದು ನಿಜಕ್ಕೂ ಒಳ್ಳೆಯ ಜೋಡಿ. ಸಕ್ಕರೆ ಬೇಕಿಲ್ಲ. ಎರಡು ನಿಂಬೆಹಣ್ಣಿನ ರಸಕ್ಕೆ ಒಂದು ಚಮಚ ಶುಂಠಿ ರಸ, ಕೈಯಲ್ಲಿ ಹರಿದ ಪುದೀನ ಸೇರಿಸಿ, ತುಂಬುವಾಗ ಚಿಮುಕಿಸಿ. ಸಾಕು.

ಡಿಸೈನ್ ಎಷ್ಟೇ ಚೆಂದ ಇರಲಿ, ಒಳಗಿನ ಹಣ್ಣು ತಣ್ಣಗೆ, ಗಟ್ಟಿಯಾಗಿ ಇಲ್ಲದಿದ್ದರೆ ಜನ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಎರಡನೇ ಸಲ ತಟ್ಟೆ ಹಿಡಿದು ಬಂದರೆ ಮಾತ್ರ ನಾನು ಕೆಲಸ ಸರಿಯಾಯಿತು ಅಂದುಕೊಳ್ಳುತ್ತೇನೆ.

ರಾಜಾಜಿನಗರದ ಸೊಸೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್ ಅಣ್ಣಾ. ಇಡ್ಲಿ ತಟ್ಟೆಯ ಉಪಾಯ ಕೇಳಿ ಅತ್ತೆಗೇ ಖುಷಿಯಾಯಿತು. ಇನ್ನೂ ಮೂರು ಅನುಮಾನ. 35 ಜನಕ್ಕೆ ಎಷ್ಟು ಹಣ್ಣು ಬೇಕು? ಫ್ರಿಜ್‌ನಲ್ಲಿ ಜಾಗ ಇಲ್ಲದಿದ್ದರೆ ಎಲ್ಲಿಡಲಿ? ಮತ್ತೆ ಮಕ್ಕಳು ಸಿಪ್ಪೆಯ ಮೇಲೆ ಕನ್ನಡದಲ್ಲಿ ‘ಸ್ವಾಗತ’ ಅಂತ ಕೆತ್ತಬೇಕು ಅಂತ ಹಟ ಹಿಡಿದಿದ್ದಾರೆ. ಅದು ನನ್ನ ಕೈಲಾಗುತ್ತದಾ?

ಉಡುಪಿಯಿಂದ ಮಲ್ಲೇಶ್ವರಕ್ಕೆ ಬಂದವಳು:

ಸಿಪ್ಪೆ ಬಿಸಾಡಬೇಡಿ ಅಂತ ಹೇಳೋಕೆ ಬಂದೆ. ನಮ್ಮ ಕಡೆ ಕಲ್ಲಂಗಡಿಗೆ ಬಚ್ಚಂಗಾಯಿ ಅನ್ನುತ್ತೇವೆ, ಅದರ ದೋಸೆ ಮಾಡುತ್ತೇವೆ. ಎರಡು ಲೋಟ ದೋಸೆ ಅಕ್ಕಿ ನಾಲ್ಕೈದು ಗಂಟೆ ನೆನೆಸಿ. ಹಸಿರು ಹೆರೆದು ತೆಗೆದ ಬಿಳಿ ಭಾಗದ ಹೋಳು ಎರಡು ಲೋಟ, ಒಂದು ಹಿಡಿ ತೆಂಗಿನತುರಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಬಿಳಿಯಲ್ಲೇ ನೀರಿದೆ, ನೋಡಿಕೊಂಡು ನೀರು ಹಾಕಿ. ಕಾವಲಿ ಮೇಲೆ ಹರಡಿ, ಮುಚ್ಚಿ ಬೇಯಿಸಿ, ಮಗುಚುವುದು ಬೇಡ. ಬೆಲ್ಲ, ಕಾಯಿತುರಿ ಜೊತೆ ತಿನ್ನಿ. ಎತ್ತಿ ತೆಗೆದ ಎರಡು ತುಂಡಿನ ಸಿಪ್ಪೆ, ಕಿರಣ್ ಹಣ್ಣುಗಳ ಸಿಪ್ಪೆ ಎಲ್ಲ ಇದಕ್ಕೆ ಆಗುತ್ತದೆ. ಉಳಿದುಕೊಂಡ ನೆಂಟರಿಗೆ ಸೋಮವಾರದ ತಿಂಡಿ ಆಯಿತು. ಊಟದಲ್ಲಿ ಇಟ್ಟ ಬುಟ್ಟಿಯನ್ನು ಮಾತ್ರ ಇದಕ್ಕೆ ಬಳಸಬೇಡಿ, ಬಿಸಿಲಲ್ಲಿ ಇದ್ದದ್ದು.

ಬಸವನಗುಡಿ ಕೆತ್ತನೆಯವನು:

ತಲೆಗೆ 150 ಗ್ರಾಂ ಲೆಕ್ಕ ಹಾಕಿ. 35 ಜನಕ್ಕೆ ಹೆಚ್ಚಿದ ಹಣ್ಣು ಐದೂಕಾಲು ಕಿಲೋ. ಬುಟ್ಟಿಯೊಳಗೆ ಒಂದೇ ಸಲಕ್ಕೆ ಇಷ್ಟು ಹಿಡಿಸುವುದಿಲ್ಲ, ಹಿಡಿಸಬಾರದು ಕೂಡ. ಅರ್ಧ ತುಂಬಿ, ಖಾಲಿಯಾದಂತೆ ಮತ್ತೆ ತುಂಬಿ. ಉಳಿದದ್ದು ತಣ್ಣಗೇ ಇರುತ್ತದೆ.

ಫ್ರಿಜ್‌ನಲ್ಲಿ ಒಂದು ಅಡ್ಡ ತಟ್ಟೆ ತೆಗೆದು ಹೆಚ್ಚಿದ ಹಣ್ಣಿನ ಡಬ್ಬಿಗಳಿಗೆ ಜಾಗ ಮಾಡಿ. ಒಳಗಿನ ತಂಪು ಅವಕ್ಕೇ ಮೊದಲು ಬೇಕು. ಕಲ್ಲಂಗಡಿ ಒಂದು ಡಬ್ಬಿ, ಅನಾನಸ್ ಒಂದು, ಮಾವು ಒಂದು, ಬೆರೆಸಬೇಡಿ. ಬುಟ್ಟಿಯನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕೆಟ್‌ಗಳ ನಡುವೆ ಇಡಿ. ಐಸ್ ಕವರ್‌ನೊಳಗೇ ಇರಲಿ, ಕರಗಿದ ನೀರು ಬುಟ್ಟಿಗೆ ತಾಗದ ಹಾಗೆ. ಮಹಡಿಗೆ ತಂದಾಗ ಅಗಲ ಪರಾತದಲ್ಲಿ ಐಸ್ ಹಾಕಿ ಅದರ ಮೇಲೆ ಕೂರಿಸಿ, ಶಾಮಿಯಾನದ ಒಳಗಡೆ, ಬಿಸಿಲು ತಿರುಗದ ಮೂಲೆಯಲ್ಲಿ.

ಅಂದಹಾಗೆ, ಯಾರಾದರೂ ಐಸ್‌ಕ್ರೀಮ್ ಜೊತೆ ಕೇಳಿದರೆ ಅನಾನಸ್ ಹಾಕಿದ ತಟ್ಟೆಯನ್ನು ತಕ್ಷಣ ತಿನ್ನಲು ಹೇಳಿ. ಹಸಿ ಅನಾನಸ್ ಹಾಲಿನ ಜೊತೆ ಸ್ವಲ್ಪ ಹೊತ್ತು ಕೂತರೆ ಕಹಿಯಾಗುತ್ತದೆ.

‘ಸ್ವಾಗತ’ ಖಂಡಿತ ಆಗುತ್ತದೆ. ಆದರೆ ಬುಟ್ಟಿಯ ಮೇಲೆ ಬೇಡ, ಗೋಡೆ ತೆಳುವಾಗಿ ಸೀಳುತ್ತದೆ. ಅದಕ್ಕೆ ಇಡೀ ಕಿರಣ್ ಒಂದು ಬೇರೆ ತನ್ನಿ. ಕಡು ಹಸಿರಿನ ಮೇಲೆ ಬಿಳಿ ಅಕ್ಷರ ಎದ್ದು ಕಾಣುತ್ತದೆ. ಎರಡು ಇಂಚು ಎತ್ತರಕ್ಕೆ ಕಾಗದದ ಮೇಲೆ ದಪ್ಪಗೆ ಬರೆದು, ಕಾಗದವನ್ನು ಹಣ್ಣಿಗೆ ಅಂಟಿಸಿ, ಗುಂಡುಸೂಜಿಯಿಂದ ಅಂಚಿನುದ್ದಕ್ಕೂ ಚುಚ್ಚಿ. ಕಾಗದ ತೆಗೆದರೆ ಚುಕ್ಕೆಗಳು ಉಳಿಯುತ್ತವೆ. ಅದರ ಮೇಲೆ ಚಾಕುವಿನ ತುದಿ ಓಡಿಸಿ ಹಸಿರನ್ನು ಮಾತ್ರ ಎಬ್ಬಿಸಿ. ಬಳಸಿದ ಗುಂಡುಸೂಜಿಗಳನ್ನು ಎಣಿಸಿ ಎತ್ತಿಡಿ. ನಮ್ಮ ಅಕ್ಷರಗಳಲ್ಲಿ ತಿರುವು ಜಾಸ್ತಿ, ಹಾಗಾಗಿ ಚಾಕುವನ್ನು ನಿಲ್ಲಿಸಿ ಹಣ್ಣನ್ನು ತಿರುಗಿಸಿ, ದುಂಡಗೆ ಬರುತ್ತದೆ. ‘ಸ್ವಾ’ದ ವ ಒತ್ತಿಗೆ ಕೆಳಗೆ ಮುಕ್ಕಾಲು ಇಂಚು ಜಾಗ ಮೊದಲೇ ಬಿಟ್ಟುಕೊಳ್ಳಿ, ಇಲ್ಲದಿದ್ದರೆ ಅದು ಹಣ್ಣಿನ ಅಡಿಗೆ ಜಾರಿ ಕಾಣುವುದೇ ಇಲ್ಲ. ಬರೆಯುವುದು ಮಕ್ಕಳಿಗೆ ಬಿಡಿ, ಚಾಕು ನಿಮ್ಮ ಕೈಯಲ್ಲಿರಲಿ.